ಎರಡು ಐರ್ಲೆಂಡ್, ಹನ್ನೊಂದು ಮಂದಿ

ಹನ್ನೊಂದು ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆಯುವುದು ಮೇಲುನೋಟಕ್ಕೆ ಮಕ್ಕಳಾಟಿಕೆಯಂತೆ ಕಾಣುತ್ತದೆ. ಕಾಲ್ಚೆಂಡಾಟದ ಅಭಿಮಾನಿಗಳು ಎಲ್ಲ ದೇಶಗಳಲ್ಲಿಯೂ ಈ ವಿನೋದದಲ್ಲಿ ತೊಡಗುತ್ತಾರೆ. ಸತ್ತವರನ್ನೂ ಬದುಕಿರುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಯಾರು ಹೆಚ್ಚು ಯಾರು ಕಡಮೆ ಎಂದು ವಾದಿಸುತ್ತಾರೆ. ಸಾಹಿತ್ಯದ ಮಂದಿಗೆ ಇದು ಹೊಸತಲ್ಲ. ಪಂಪನೋ ಕುಮಾರವ್ಯಾಸನೋ ಎಂಬ ಜಗಳದಲ್ಲಿ ನಾವು ಎಷ್ಟು ಸಂಜೆಗಳನ್ನು ಕಳೆದಿಲ್ಲ! ಆದರೆ ಐರ್ಲೆಂಡಿನ ಸಾರ್ವಕಾಲಿಕ ತಂಡವೊಂದನ್ನು ಆರಿಸಹೊರಟವನಿಗೆ ಮೊದಲ ಹೆಸರನ್ನು ಬರೆಯುವ ಮುನ್ನವೇ ಒಂದು ಪ್ರಶ್ನೆ ಅಡ್ಡ ಬರುತ್ತದೆ: ಯಾವ ಐರ್ಲೆಂಡು? ಬೆಲ್‌ಫಾಸ್ಟಿನದೋ, ಡಬ್ಲಿನ್ನಿನದೋ? ಈ ಪುಟ್ಟ ದ್ವೀಪದಿಂದ ಎರಡು ರಾಷ್ಟ್ರೀಯ ತಂಡಗಳು ಆಡುತ್ತವೆ. ಎರಡೂ ಹಸುರು ಅಂಗಿಯನ್ನೇ ತೊಡುತ್ತವೆ. ಹಲವು ದಶಕಗಳ ಕಾಲ ಎರಡೂ ತಮ್ಮನ್ನು ‘ಐರ್ಲೆಂಡ್’ ಎಂದೇ ಕರೆದುಕೊಂಡವು. ಎರಡನ್ನೂ ಕೂಡಿಸಿ ಒಂದು ತಂಡ ಕಟ್ಟಿದರೆ ಹೇಗಿದ್ದೀತು ಎಂಬ ಕಲ್ಪನೆ ಅಲ್ಲಿಯ ಪಾನಗೃಹಗಳಲ್ಲಿ ನಿತ್ಯದ ಮಾತು. ಆ ಕಲ್ಪನೆಗೆ ಒಂದು ಇತಿಹಾಸವಿದೆ. ಆ ಇತಿಹಾಸವನ್ನು ಹೇಳಿ, ಕೊನೆಯಲ್ಲಿ ನನ್ನ ಹನ್ನೊಂದು ಮಂದಿಯನ್ನೂ ಹೆಸರಿಸುತ್ತೇನೆ.

ಕನ್ನಡ ಮೇಷ್ಟರಿಗೆ ಐರ್ಲೆಂಡಿನ ಕಾಲ್ಚೆಂಡಿನ ಉಸಾಬರಿ ಏಕೆ ಎಂದು ಕೇಳುವವರಿರಬಹುದು. ಅವರಿಗೆ ನಾನು ಜೇಮ್ಸ್ ಕಸಿನ್ಸರನ್ನು ನೆನಪಿಸುತ್ತೇನೆ. ೧೯೨೪ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಸಲಹೆ ನೀಡಿದ ಐರಿಷ್ ಕವಿ. ಈ ಕಥೆ ಕನ್ನಡ ತರಗತಿಗಳಲ್ಲಿ ತಪ್ಪದೆ ಹೇಳುವಂಥದು. ನಾನೂ ಎಷ್ಟೋ ವರ್ಷ ಹೇಳಿದ್ದೇನೆ. ಕಸಿನ್ಸರು ಹುಟ್ಟಿದ್ದು ೧೮೭೩ರಲ್ಲಿ, ಬೆಲ್‌ಫಾಸ್ಟಿನಲ್ಲಿ. ಕವಿಯಾಗಿ ಬೆಳೆದದ್ದು ಡಬ್ಲಿನ್ನಿನಲ್ಲಿ. ನಾವಂತೂ ಅವರನ್ನು ಉತ್ತರದವರೋ ದಕ್ಷಿಣದವರೋ ಎಂದು ಕೇಳಲಿಲ್ಲ, ಐರಿಷ್ ಕವಿ ಎಂದೆವು, ಅಷ್ಟೆ. ಅವರು ಭಾರತಕ್ಕೆ ಬಂದ ೧೯೧೫ರಲ್ಲಿ ಆ ಪ್ರಶ್ನೆಗೆ ಅರ್ಥವೂ ಇರಲಿಲ್ಲ. ಆರೇ ವರ್ಷಗಳಲ್ಲಿ ಅದಕ್ಕೆ ಅರ್ಥ ಬಂತು. ಮತ್ತೊಬ್ಬ ಕವಿಯನ್ನು ನೋಡಿ. ಉತ್ತರದ ಡೆರ್ರಿ ಪ್ರಾಂತದಲ್ಲಿ ೧೯೩೯ರಲ್ಲಿ ಹುಟ್ಟಿದ ಶೇಮಸ್ ಹೀನಿಯನ್ನು ೧೯೮೨ರಲ್ಲಿ ಸಮಕಾಲೀನ ಬ್ರಿಟಿಷ್ ಕಾವ್ಯದ ಸಂಕಲನವೊಂದರಲ್ಲಿ ಸೇರಿಸಿದರು. ಸೇರಿಸಿದ್ದು ಗೌರವದಿಂದಲೇ. ಆದರೆ ಮರುವರ್ಷ ಆತ ಪದ್ಯರೂಪದಲ್ಲಿಯೇ ಒಂದು ಬಹಿರಂಗ ಪತ್ರ ಬರೆದು, ‘ಬ್ರಿಟಿಷ್’ ಎಂಬ ಆ ಹೆಸರು ತನ್ನದಲ್ಲವೆಂದು ವಿನಯದಿಂದ, ಆದರೆ ಸ್ಪಷ್ಟವಾಗಿ, ಹೇಳಿದ. ಆಯ್ಕೆಯಾಗುವುದೂ ಒಂದು ಸಂಕಟವಾಗಬಹುದು ಎಂಬುದನ್ನು ಐರ್ಲೆಂಡಿನ ಆಟಗಾರರು ಕವಿಗಳಿಗಿಂತ ಮೊದಲೇ ಅರಿತಿದ್ದರು.

ಐರ್ಲೆಂಡಿನ ಕಾಲ್ಚೆಂಡು ಸಂಸ್ಥೆ ಹುಟ್ಟಿದ್ದು ೧೮೮೦ರ ನವೆಂಬರಿನಲ್ಲಿ, ಬೆಲ್‌ಫಾಸ್ಟಿನಲ್ಲಿ. ಹಡಗು ಕಟ್ಟುವ, ನಾರುಬಟ್ಟೆ ನೇಯುವ ಆ ಕಾರ್ಖಾನೆಗಳ ಊರಿಗೆ ಕಡಲಾಚೆಯ ಸ್ಕಾಟ್‌ಲೆಂಡಿನಿಂದ ಆಟ ಬಂದಿತ್ತು. ಡಬ್ಲಿನ್ನಿಗೆ ಅದು ಹಬ್ಬಿದ್ದು ತುಸು ತಡವಾಗಿ. ಅಲ್ಲಿ ಸಿಪಾಯಿಗಳು, ವಿದ್ಯಾರ್ಥಿಗಳು, ಗುಮಾಸ್ತರು ಅದನ್ನು ಬೆಳೆಸಿದರು. ೧೮೮೨ರ ಫೆಬ್ರುವರಿ ೧೮ರಂದು ಐರ್ಲೆಂಡು ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಬೆಲ್‌ಫಾಸ್ಟಿನಲ್ಲಿ ಇಂಗ್ಲೆಂಡಿನ ಎದುರು ಆಡಿತು. ಫಲಿತಾಂಶ ಸೊನ್ನೆಗೆ ಹದಿಮೂರು. ಇಂಗ್ಲೆಂಡಿನ ಇತಿಹಾಸದಲ್ಲಿ ಇಂದಿಗೂ ಅದೇ ಅತಿ ದೊಡ್ಡ ಗೆಲುವು. ಇಷ್ಟು ಅಮಂಗಳವಾಗಿ ಆರಂಭವಾದ ತಂಡ ಇಂಗ್ಲೆಂಡನ್ನು ಮೊದಲ ಬಾರಿ ಸೋಲಿಸಲು ೩೧ ವರ್ಷ ಬೇಕಾಯಿತು. ೧೯೧೩ರಲ್ಲಿ ಬಿಲ್ಲಿ ಗಿಲೆಸ್ಪಿ ಎಂಬ ತರುಣ ತನ್ನ ಮೊದಲ ಪಂದ್ಯದಲ್ಲಿಯೇ ಎರಡು ಗೋಲು ಹೊಡೆದು ಆ ಋಣವನ್ನು ತೀರಿಸಿದ.

ಮರುವರ್ಷ, ಅಂದರೆ ೧೯೧೪ರಲ್ಲಿ, ಬ್ರಿಟಿಷ್ ದ್ವೀಪಗಳ ನಾಲ್ಕು ನಾಡುಗಳ ನಡುವಣ ಪಂದ್ಯಾವಳಿಯನ್ನು ಐರ್ಲೆಂಡು ಮೊಟ್ಟಮೊದಲಿಗೆ ಯಾರೊಡನೆಯೂ ಹಂಚಿಕೊಳ್ಳದೆ ಗೆದ್ದುಕೊಂಡಿತು. ವೇಲ್ಸನ್ನು ಸೋಲಿಸಿತು, ಇಂಗ್ಲೆಂಡನ್ನು ಅವರ ನೆಲದಲ್ಲಿಯೇ, ಮಿಡ್ಲ್ಸ್‌ಬರೋದಲ್ಲಿ, ಮೂರು ಸೊನ್ನೆಯಿಂದ ಸೋಲಿಸಿತು, ಸ್ಕಾಟ್‌ಲೆಂಡಿನೊಡನೆ ಸಮ ಮಾಡಿಕೊಂಡಿತು. ಇಂಗ್ಲೆಂಡಿನ ಮೇಲೆ ಎರಡು ಗೋಲು ಹೊಡೆದ ಬಿಲ್ಲಿ ಲೇಸಿ ತೆಂಕಣದ ವೆಕ್ಸ್‌ಫರ್ಡಿನವ. ತಂಡದಲ್ಲಿದ್ದ ಪ್ಯಾಟ್ರಿಕ್ ಓಕಾನೆಲ್ ಡಬ್ಲಿನ್ನಿನವ. ಈತ ಮುಂದೆ ಸ್ಪೇನಿಗೆ ಹೋಗಿ, ೧೯೩೫ರಲ್ಲಿ ಸೆವಿಲ್ಲೆಯ ಬೆಟಿಸ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗಳಿಸಿಕೊಟ್ಟು, ಅಂತರ್ಯುದ್ಧದ ದಿನಗಳಲ್ಲಿ ಬಾರ್ಸಿಲೋನಾ ತಂಡದ ತರಬೇತುದಾರನಾಗಿದ್ದ. ಅವನ ಕಥೆಯೇ ಒಂದು ಕಾದಂಬರಿಯ ವಸ್ತು. ಅದು ಇನ್ನೊಂದು ದಿನಕ್ಕಿರಲಿ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಒಟ್ಟು ಐರ್ಲೆಂಡಿನ ತಂಡ ಕಲ್ಪನೆಯ ಶಿಶುವಲ್ಲ. ಅದು ಇತ್ತು, ಗೆದ್ದಿತ್ತು. ಗೆದ್ದ ವರ್ಷದ ಆಗಸ್ಟಿನಲ್ಲಿ ಮಹಾಯುದ್ಧ ಬಂತು. ಯುದ್ಧ ಮುಗಿಯುವ ಮೊದಲೇ, ೧೯೧೬ರ ಈಸ್ಟರಿನಲ್ಲಿ, ಡಬ್ಲಿನ್ನಿನ ಬಂಡಾಯವೂ ಬಂತು.

ಒಡಕು ಬಂದದ್ದು ೧೯೨೧ರಲ್ಲಿ. ಅದರ ನೆಪ ನಗು ಬರಿಸುವಷ್ಟು ಚಿಕ್ಕದು. ಐರಿಷ್ ಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಡಬ್ಲಿನ್ನಿನ ಶೆಲ್ಬರ್ನ್ ತಂಡವೂ ಉತ್ತರದ ಗ್ಲೆನಾವನ್ ತಂಡವೂ ಬೆಲ್‌ಫಾಸ್ಟಿನಲ್ಲಿ ಆಡಿ ಸಮನಾದವು. ರೂಢಿಯಂತೆ ಮರುಪಂದ್ಯ ಡಬ್ಲಿನ್ನಿನಲ್ಲಿ ನಡೆಯಬೇಕು. ದಕ್ಷಿಣದಲ್ಲಿ ಆಗ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಸಮರ ನಡೆಯುತ್ತಿತ್ತು; ಬೆಲ್‌ಫಾಸ್ಟಿನ ಸಂಸ್ಥೆ ಮರುಪಂದ್ಯವೂ ಬೆಲ್‌ಫಾಸ್ಟಿನಲ್ಲಿಯೇ ಆಗತಕ್ಕದ್ದು ಎಂದು ಆಜ್ಞೆ ಮಾಡಿತು. ಶೆಲ್ಬರ್ನ್ ಹೋಗಲು ಒಪ್ಪಲಿಲ್ಲ. ತಂಡದ ಆಯ್ಕೆಯಲ್ಲಿ, ಪಂದ್ಯಗಳ ಹಂಚಿಕೆಯಲ್ಲಿ ಬೆಲ್‌ಫಾಸ್ಟಿನವರು ತಮ್ಮವರಿಗೇ ಮಣೆ ಹಾಕುತ್ತಾರೆಂಬ ಡಬ್ಲಿನ್ನಿನ ಹಳೆಯ ಕುದಿತ ಈ ಸಣ್ಣ ರಂಧ್ರದಿಂದ ಹೊರಚಿಮ್ಮಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಡಬ್ಲಿನ್ನಿನವರು ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿಕೊಂಡರು. ನಾಡು ಇಬ್ಭಾಗವಾದದ್ದರಿಂದ ಆಟ ಇಬ್ಭಾಗವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಅದೇ ನಾಡಿನ ರಗ್ಬಿ ಆಟ ಒಡೆಯಲಿಲ್ಲ, ಕ್ರಿಕೆಟ್ಟು ಒಡೆಯಲಿಲ್ಲ, ಹಾಕಿಯೂ ಒಡೆಯಲಿಲ್ಲ. ರಗ್ಬಿ ಹಣವಂತರ ಶಾಲೆಗಳ ಆಟ; ಅದರ ಆಡಳಿತ ಡಬ್ಲಿನ್ನಿನಲ್ಲಿತ್ತು; ಉತ್ತರದ ವೈದ್ಯನೂ ದಕ್ಷಿಣದ ವಕೀಲನೂ ಅಲ್ಲಿ ಹೇಗೋ ಹೊಂದಿಕೊಂಡರು. ಕಾಲ್ಚೆಂಡು ಕೂಲಿಕಾರರ ಬೀದಿಗಳ ಆಟ. ಬೆಲ್‌ಫಾಸ್ಟಿನಲ್ಲಿ ಯಾವ ಬೀದಿ ಯಾವ ಮತದ್ದು ಎಂಬುದು ಮಗುವಿಗೂ ಗೊತ್ತು. ತಂಡಗಳು ಬೀದಿಗಳಿಗೆ ಸೇರಿದವು. ಜಗಳ ಮೊದಲೇ ಅಲ್ಲಿತ್ತು, ಗಡಿರೇಖೆ ಅದಕ್ಕೆ ಮೊಹರು ಒತ್ತಿತು ಎಂದು ನನ್ನ ತಿಳಿವಳಿಕೆ.

ಆಮೇಲಿನ ಮೂವತ್ತು ವರ್ಷಗಳ ಗೊಂದಲವನ್ನು ಇಂದಿನವರು ನಂಬಲಾರರು. ಡಬ್ಲಿನ್ನಿನ ಸಂಸ್ಥೆ ೧೯೨೩ರಲ್ಲಿ ವಿಶ್ವ ಸಂಸ್ಥೆಯ ಸದಸ್ಯತ್ವ ಪಡೆಯಿತು, ೧೯೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬಲ್ಗೇರಿಯವನ್ನು ಸೋಲಿಸಿತು. ಬೆಲ್‌ಫಾಸ್ಟಿನ ಸಂಸ್ಥೆ ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸುಗಳ ಜೊತೆ ಹಿಂದಿನಂತೆಯೇ ಆಡುತ್ತ, ಇಡೀ ದ್ವೀಪ ತನ್ನದೆಂಬಂತೆ ದಕ್ಷಿಣದ ಆಟಗಾರರನ್ನೂ ಕರೆಯುತ್ತಿತ್ತು. ಡಬ್ಲಿನ್ನಿನವರೂ ಕೆಲವೊಮ್ಮೆ ಗಡಿಯಾಚೆಯವರನ್ನು ಕರೆದದ್ದುಂಟು. ಕರೆದರೆ ಆಟಗಾರ ಹೋಗುತ್ತಿದ್ದ; ಅವನಿಗೆ ಅದು ಗೌರವ, ಒಂದಿಷ್ಟು ಸಂಭಾವನೆ. ೧೯೪೬ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದದ್ದನ್ನು ಕೇಳಿ. ೨೮ರ ಶನಿವಾರ ಬೆಲ್‌ಫಾಸ್ಟಿನಲ್ಲಿ ಐರ್ಲೆಂಡು ಇಂಗ್ಲೆಂಡಿನ ಎದುರು ಆಡಿ ೨–೭ರಿಂದ ಸೋತಿತು. ೩೦ರ ಸೋಮವಾರ ಡಬ್ಲಿನ್ನಿನಲ್ಲಿ ಐರ್ಲೆಂಡು ಇಂಗ್ಲೆಂಡಿನ ಎದುರು ಆಡಿ ೦–೧ರಿಂದ ಸೋತಿತು. ಎರಡೂ ದಿನ, ಎರಡೂ ಐರ್ಲೆಂಡುಗಳ ಪರವಾಗಿ ಆಡಿದವನು ಜಾನಿ ಕ್ಯಾರಿ. ಡಬ್ಲಿನ್ನಿನ ಮಗ, ಮ್ಯಾಂಚೆಸ್ಟರ್ ಯುನೈಟೆಡ್ಡಿನ ನಾಯಕ, ತನ್ನ ದೇಶ ತಟಸ್ಥವಾಗಿದ್ದರೂ ಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಸೇರಿ ದುಡಿದವನು. ಮರುವರ್ಷ ಗ್ಲಾಸ್ಗೋದಲ್ಲಿ ಗ್ರೇಟ್ ಬ್ರಿಟನ್ನಿನ ಎದುರು ಯೂರೋಪಿನ ಇತರ ದೇಶಗಳ ಕೂಟ ತಂಡ ಆಡಿದಾಗ ಅದಕ್ಕೂ ಆತನೇ ನಾಯಕ.

ಈ ಇಬ್ಬಂದಿತನ ೧೯೫೦ರ ವಿಶ್ವ ಕಪ್ಪಿನ ಅರ್ಹತಾ ಪಂದ್ಯಗಳಲ್ಲಿ ಅಸಂಬದ್ಧತೆಯ ತುದಿ ಮುಟ್ಟಿತು. ಒಂದೇ ಪಂದ್ಯಾವಳಿಯಲ್ಲಿ ಕೆಲವರು ಎರಡು ದೇಶಗಳ ಪರವಾಗಿ ಆಡಿದರು. ಅವರಲ್ಲಿ ಒಬ್ಬ ಕಾನ್ ಮಾರ್ಟಿನ್. ಇವನನ್ನು ಕುರಿತು ನನಗೆ ವಿಶೇಷ ಮಮತೆ. ಡಬ್ಲಿನ್ ಬಳಿಯ ರಶ್ ಎಂಬ ಊರಿನವನು. ೧೯೪೧ರಲ್ಲಿ ಗೇಲಿಕ್ ಕಾಲ್ಚೆಂಡಿನಲ್ಲಿ, ಎಂದರೆ ಐರಿಷ್ ದೇಶೀಯ ಆಟದಲ್ಲಿ, ಡಬ್ಲಿನ್ ತಂಡದೊಡನೆ ಪ್ರಾಂತ ಪ್ರಶಸ್ತಿ ಗೆದ್ದ. ‘ವಿದೇಶೀ’ ಆಟವಾದ ಕಾಲ್ಚೆಂಡನ್ನೂ ಆಡುತ್ತಾನೆಂದು ಗೊತ್ತಾದಾಗ ದೇಶೀಯ ಆಟದ ಸಂಸ್ಥೆ ಅವನನ್ನು ಹೊರಗೆ ಹಾಕಿತು. ಗೆದ್ದ ಪದಕ ಅವನ ಕೈಸೇರಲು ದಶಕಗಳೇ ಹಿಡಿದವು. ಆ ನಿಷೇಧದ ನಿಯಮ ರದ್ದಾದದ್ದು ೧೯೭೧ರಲ್ಲಿ. ಹೊರಹಾಕಿಸಿಕೊಂಡ ಈ ಮನುಷ್ಯ ರಕ್ಷಣೆಯ ಸಾಲಿನಲ್ಲಿ ಆಡಿದ, ಮಧ್ಯದಲ್ಲಿ ಆಡಿದ, ಗೋಲುಗಾರನಾಗಿಯೂ ನಿಂತ. ೧೯೪೯ರ ಸೆಪ್ಟೆಂಬರ್ ೨೧ರಂದು ಲಿವರ್‌ಪೂಲಿನಲ್ಲಿ ಡಬ್ಲಿನ್ನಿನ ಐರ್ಲೆಂಡು ಇಂಗ್ಲೆಂಡನ್ನು ೨–೦ರಿಂದ ಸೋಲಿಸಿದಾಗ ಮೊದಲ ಗೋಲು ಅವನದೇ. ಇಂಗ್ಲೆಂಡು ತನ್ನ ನೆಲದಲ್ಲಿ ಬ್ರಿಟಿಷ್ ನಾಡುಗಳ ಹೊರಗಿನವರ ಎದುರು ಸೋತದ್ದು ಅದೇ ಮೊದಲು. ಹಂಗರಿಯವರು ವೆಂಬ್ಲಿಯಲ್ಲಿ ಗೆದ್ದ ೧೯೫೩ರ ಪಂದ್ಯವನ್ನು ಎಲ್ಲರೂ ನೆನೆಯುತ್ತಾರೆ, ನಾಲ್ಕು ವರ್ಷ ಮೊದಲಿನ ಐರಿಷರನ್ನು ಮರೆಯುತ್ತಾರೆ. ಆರು ತಿಂಗಳ ಬಳಿಕ, ೧೯೫೦ರ ಮಾರ್ಚ್ ೮ರಂದು, ವೇಲ್ಸಿನ ರೆಕ್ಸಮ್ಮಿನಲ್ಲಿ ಬೆಲ್‌ಫಾಸ್ಟಿನ ಐರ್ಲೆಂಡು ಸೊನ್ನೆ ಸೊನ್ನೆಯ ಸಪ್ಪೆ ಪಂದ್ಯವೊಂದನ್ನು ಆಡಿತು. ತಂಡದಲ್ಲಿ ಕಾನ್ ಮಾರ್ಟಿನ್ನನೂ ಸೇರಿ ನಾಲ್ವರು ದಕ್ಷಿಣದವರಿದ್ದರು. ಡಬ್ಲಿನ್ನಿನ ಸಂಸ್ಥೆ ತನ್ನವರ ಮೇಲೆ ಒತ್ತಾಯ ತಂದಿತು, ವಿಶ್ವ ಸಂಸ್ಥೆಯೂ ನಡುವೆ ಬಂತು. ಎರಡೂ ಕಡೆಯವರು ಒಂದೇ ಅಂಗಿ ತೊಟ್ಟು ಆಡಿದ ಕೊನೆಯ ಅಧಿಕೃತ ಪಂದ್ಯ ಅದು.

ಎಂಟು ವರ್ಷಗಳ ಬಳಿಕ ಅವರನ್ನು ಮತ್ತೆ ಒಟ್ಟಿಗೆ ತಂದದ್ದು ಒಂದು ವಿಮಾನ. ೧೯೫೮ರ ಫೆಬ್ರುವರಿ ೬ರಂದು ಮ್ಯೂನಿಕ್ ನಿಲ್ದಾಣದ ಹಿಮ ಕರಗಿದ ಕೆಸರಿನಲ್ಲಿ ಮೇಲೇಳಲಾರದೆ ಹೋದ ವಿಮಾನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿತ್ತು. ತಂಡದಲ್ಲಿ ಡಬ್ಲಿನ್ನಿನ ಲಿಯಾಮ್ ವೀಲನ್, ಬೆಲ್‌ಫಾಸ್ಟಿನ ಜ್ಯಾಕಿ ಬ್ಲಾಂಚ್‌ಫ್ಲವರ್, ಉತ್ತರದ ಕೋಲ್ರೇನಿನಲ್ಲಿ ಬೆಳೆದ ಗೋಲುಗಾರ ಹ್ಯಾರಿ ಗ್ರೆಗ್ ಇದ್ದರು. ಇಪ್ಪತ್ತಮೂರು ಮಂದಿ ತೀರಿಕೊಂಡರು. ವೀಲನ್ನನಿಗೆ ಇಪ್ಪತ್ತೆರಡು ವರ್ಷ. ದಕ್ಷಿಣದ ತಂಡದ ಪರವಾಗಿ ನಾಲ್ಕೇ ಪಂದ್ಯ ಆಡಿದ್ದ. ಹಿಂದಿನ ಋತುವಿನಲ್ಲಿ ಲೀಗ್ ಪಂದ್ಯಗಳೊಂದರಲ್ಲೇ ೨೬ ಗೋಲು ಹೊಡೆದಿದ್ದ. ಜ್ಯಾಕಿ ಉಳಿದನಾದರೂ ಮತ್ತೆ ಆಡಲಿಲ್ಲ. ಹ್ಯಾರಿ ಗ್ರೆಗ್ ಮುರಿದ ವಿಮಾನದಿಂದ ಹೊರಬಿದ್ದವನು ಓಡಿಹೋಗದೆ ಮತ್ತೆ ಒಳಗೆ ನುಗ್ಗಿ ಒಂದು ಮಗುವನ್ನು, ಅದರ ಗರ್ಭಿಣಿ ತಾಯಿಯನ್ನು, ತನ್ನ ಜೊತೆಗಾರರನ್ನು ಎಳೆದು ತಂದ. ನಾಲ್ಕು ತಿಂಗಳಲ್ಲಿ ಸ್ವೀಡನ್ನಿನ ವಿಶ್ವ ಕಪ್ಪಿನಲ್ಲಿ ಆತ ಉತ್ತರ ಐರ್ಲೆಂಡಿನ ಗೋಲಿನಲ್ಲಿ ನಿಂತಿದ್ದ. ಆ ಪಂದ್ಯಾವಳಿಯ ಶ್ರೇಷ್ಠ ಗೋಲುಗಾರನೆಂದು ಅವನನ್ನು ಆರಿಸಿದರು. ಪೀಟರ್ ಡೊಹರ್ಟಿಯ ತರಬೇತಿ, ಡ್ಯಾನಿ ಬ್ಲಾಂಚ್‌ಫ್ಲವರನ ನಾಯಕತ್ವ, ಪೀಟರ್ ಮೆಕ್‌ಪಾರ್ಲಂಡನ ಐದು ಗೋಲುಗಳು – ಇಟಲಿಯನ್ನು ಹಿಂದಿಕ್ಕಿ ಸ್ವೀಡನ್ನಿಗೆ ಬಂದಿದ್ದ ಆ ಪುಟ್ಟ ನಾಡು ಕೊನೆಯ ಎಂಟರಲ್ಲಿ ಸ್ಥಾನ ಪಡೆಯಿತು. ಒಂದು ವಿನೋದವನ್ನು ಇಲ್ಲಿ ಹೇಳಬೇಕು. ಭಾನುವಾರ ಆಡುವುದು ಪಾಪವೆಂದು ಬೆಲ್‌ಫಾಸ್ಟಿನ ಸಂಸ್ಥೆಯ ನಿಯಮವಿತ್ತು. ಸ್ವೀಡನ್ನಿನಲ್ಲಿ ಪಂದ್ಯಗಳು ಭಾನುವಾರವೇ ಬಿದ್ದವು. ದೊಡ್ಡ ಚರ್ಚೆಯಾಗಿ, ಕೊನೆಗೆ ಆಡಿದರು. ದೇವರು ಮುನಿದಂತೆ ಕಾಣಲಿಲ್ಲ: ಚೆಕೊಸ್ಲೊವಾಕಿಯವನ್ನು ಅವರು ಸೋಲಿಸಿದ್ದು ಭಾನುವಾರವೇ.

ಇನ್ನು ೧೯೭೩ರ ಮಾತು. ಉತ್ತರದಲ್ಲಿ ರಕ್ತಪಾತ ಮೊದಲಾಗಿ ನಾಲ್ಕು ವರ್ಷವಾಗಿತ್ತು. ಉತ್ತರ ಐರ್ಲೆಂಡಿನ ತಂಡ ತನ್ನ ತವರಿನಲ್ಲಿ ಆಡಲಾರದೆ ಇಂಗ್ಲೆಂಡಿನ ಊರುಗಳಲ್ಲಿ ತವರು ಪಂದ್ಯಗಳನ್ನು ಆಡುತ್ತಿತ್ತು. ಡೆರ್ರಿಯ ತಂಡ ತನ್ನ ಮೈದಾನವನ್ನು ಬಳಸಲಾರದೆ ಹಿಂದಿನ ವರ್ಷ ಉತ್ತರದ ಲೀಗನ್ನೇ ತೊರೆದಿತ್ತು. ಮುಂದೆ ೧೯೮೫ರಲ್ಲಿ ಅದು ಗಡಿ ದಾಟಿ ದಕ್ಷಿಣದ ಲೀಗಿಗೆ ಸೇರಿಕೊಂಡಿತು. ಇಂಥ ಹೊತ್ತಿನಲ್ಲಿ ವಿಶ್ವ ವಿಜೇತ ಬ್ರೆಜಿಲ್ ತಂಡ ಯೂರೋಪಿನ ಪ್ರವಾಸದಲ್ಲಿತ್ತು. ಡಬ್ಲಿನ್ನಿನ ಜಾನಿ ಜೈಲ್ಸ್, ಬೆಲ್‌ಫಾಸ್ಟಿನ ಡೆರೆಕ್ ಡೂಗನ್, ಇವರೊಡನೆ ಲೂಯಿ ಕಿಲ್ಕಾಯಿನ್ ಎಂಬ ಡಬ್ಲಿನ್ನಿನ ಸಂಘಟಕ ಸೇರಿ, ಒಟ್ಟು ಐರ್ಲೆಂಡಿನ ತಂಡವೊಂದನ್ನು ಬ್ರೆಜಿಲಿನ ಎದುರು ನಿಲ್ಲಿಸಲು ಹೊರಟರು. ಬೆಲ್‌ಫಾಸ್ಟಿನ ಸಂಸ್ಥೆ ‘ಐರ್ಲೆಂಡ್’ ಎಂಬ ಹೆಸರಿಗೆ ಒಪ್ಪಲಿಲ್ಲ. ಅದರ ಅಧ್ಯಕ್ಷ ಹ್ಯಾರಿ ಕ್ಯಾವನ್ ವಿಶ್ವ ಸಂಸ್ಥೆಯ ಉಪಾಧ್ಯಕ್ಷನೂ ಆಗಿದ್ದುದರಿಂದ ಆ ಮಾತಿಗೆ ತೂಕವಿತ್ತು. ಸರಿ, ಡಬ್ಲಿನ್ನಿನ ಒಂದು ಸ್ಥಳೀಯ ತಂಡದ ಹೆಸರನ್ನು ಹೊದಿಸಿ, ‘ಶ್ಯಾಮ್‌ರಾಕ್ ರೋವರ್ಸ್ ಹನ್ನೊಂದು’ ಎಂದು ಕರೆದರು. ನಮ್ಮ ಪುರಾಣಗಳಲ್ಲಿ ವಿರಾಟನಗರಕ್ಕೆ ಹೋದವರು ಹೆಸರು ಬದಲಿಸಿಕೊಂಡಂತೆ.

ಜುಲೈ ೩ರಂದು ಡಬ್ಲಿನ್ನಿನ ಲ್ಯಾನ್ಸ್‌ಡೌನ್ ರಸ್ತೆಯ ರಗ್ಬಿ ಮೈದಾನದಲ್ಲಿ ಪಂದ್ಯ ನಡೆಯಿತು. ಗೋಲಿನಲ್ಲಿ ಉತ್ತರದ ಪ್ಯಾಟ್ ಜೆನ್ನಿಂಗ್ಸ್. ಮುಂದೆ ಅಲನ್ ಹಂಟರ್, ಮಾರ್ಟಿನ್ ಓನೀಲ್, ಡೂಗನ್ ಮುಂತಾದ ಉತ್ತರದವರೂ ಜೈಲ್ಸ್, ಮಲಿಗನ್, ಗಿವೆನ್ಸ್, ಕಾನ್ರಾಯ್ ಮುಂತಾದ ದಕ್ಷಿಣದವರೂ. ಬ್ರೆಜಿಲಿನವರು ಸುಲಭವಾಗಿ ಮುಂದೆ ಹೋದರು, ಐರಿಷರು ಬೆನ್ನಟ್ಟಿದರು, ಕೊನೆಗೆ ೩–೪. ಐರಿಷ್ ಗೋಲುಗಳನ್ನು ಹೊಡೆದವರು ಕಾನ್ರಾಯ್, ಡೂಗನ್ ಮತ್ತು ಮಿಕ್ ಮಾರ್ಟಿನ್. ಈ ಮಿಕ್ ಮಾರ್ಟಿನ್ ಯಾರು? ಕಾನ್ ಮಾರ್ಟಿನ್ನನ ಮಗ. ಒಟ್ಟು ಐರ್ಲೆಂಡಿನ ಕೊನೆಯ ಅಧಿಕೃತ ತಂಡದಲ್ಲಿ ತಂದೆ ಆಡಿದ್ದ. ಇಪ್ಪತ್ತಮೂರು ವರ್ಷಗಳ ಬಳಿಕ ಹೆಸರಿಲ್ಲದ ಒಟ್ಟು ತಂಡದಲ್ಲಿ ಮಗ ಗೋಲು ಹೊಡೆದ. ಡೂಗನ್ ಮತ್ತೆಂದೂ ಉತ್ತರ ಐರ್ಲೆಂಡಿನ ಪರವಾಗಿ ಆಡಲಿಲ್ಲ. ವಯಸ್ಸು ಮೂವತ್ತೈದಾಗಿತ್ತು ಎನ್ನಬಹುದು. ಆದರೆ ಆ ಪಂದ್ಯವೇ ಅದಕ್ಕೆ ಕಾರಣವೆಂದು ಅವನು ಕೊನೆಯವರೆಗೂ ನಂಬಿದ್ದ. ಎಪ್ಪತ್ತರ ದಶಕದಲ್ಲಿ ಎರಡೂ ಸಂಸ್ಥೆಗಳವರು ಹಲವು ಸಲ ಕೂತು ಮಾತಾಡಿದರು. ಫಲ ಬರಲಿಲ್ಲ. ೧೯೭೮ರಲ್ಲಿ ಎರಡು ಐರ್ಲೆಂಡುಗಳು ಮೊದಲ ಬಾರಿಗೆ ಎದುರಾಳಿಗಳಾಗಿ ಡಬ್ಲಿನ್ನಿನಲ್ಲಿ ಆಡಿದವು. ಯಾರೂ ಗೋಲು ಹೊಡೆಯಲಿಲ್ಲ.

ಬೇರೆಯಾಗಿದ್ದುಕೊಂಡೇ ಇಬ್ಬರೂ ಒಳ್ಳೆಯ ದಿನಗಳನ್ನು ಕಂಡರು ಎಂಬುದನ್ನು ಮರೆಯಬಾರದು. ಒಗ್ಗೂಡುವಿಕೆಯ ಪಕ್ಷದವರು ಇದನ್ನು ಹೇಳುವುದಿಲ್ಲ. ೧೯೮೨ರಲ್ಲಿ ಉತ್ತರದವರು, ಕ್ಯಾಥೊಲಿಕ್ ಮನೆಯ ಮಾರ್ಟಿನ್ ಓನೀಲನ ನಾಯಕತ್ವದಲ್ಲಿ, ಹತ್ತೇ ಮಂದಿಯಾಗಿ ಉಳಿದೂ ಆತಿಥೇಯ ಸ್ಪೇನನ್ನು ವೆಲೆನ್ಸಿಯಾದಲ್ಲಿ ಸೋಲಿಸಿದರು. ದಕ್ಷಿಣದವರು ೧೯೮೮ರಲ್ಲಿ ಇಂಗ್ಲೆಂಡನ್ನು ಸ್ಟುಟ್‌ಗಾರ್ಟಿನಲ್ಲಿ ಸೋಲಿಸಿ, ೧೯೯೦ರಲ್ಲಿ ವಿಶ್ವ ಕಪ್ಪಿನ ಕೊನೆಯ ಎಂಟರವರೆಗೆ ನಡೆದರು. ಅವರ ತರಬೇತುದಾರ ಜ್ಯಾಕ್ ಚಾರ್ಲ್‌ಟನ್ ಇಂಗ್ಲಿಷರವನು. ಗೋಲು ಹೊಡೆದ ಹೌಟನ್ ಗ್ಲಾಸ್ಗೋದಲ್ಲಿ ಹುಟ್ಟಿದವನು, ಆಲ್ಡ್ರಿಜ್ ಲಿವರ್‌ಪೂಲಿನವನು. ವಲಸೆ ಹೋದ ಅಜ್ಜ ಅಜ್ಜಿಯರ ಮೊಮ್ಮಕ್ಕಳೆಲ್ಲ ಹಸುರು ಅಂಗಿಗೆ ಮರಳಿದ್ದರು. ಸಮುದ್ರದಾಚೆಯ ಮೊಮ್ಮಗ ನಮ್ಮವನು, ನೂರು ಮೈಲಿಯಾಚೆಯ ಬೆಲ್‌ಫಾಸ್ಟಿನವನು ಅಲ್ಲ!

ಇಷ್ಟಾದರೂ ಇದು ಬರಿಯ ಆಟದ ಮಾತಲ್ಲ. ೧೯೯೪ರ ಜೂನ್ ೧೮ರಂದು ಅಮೆರಿಕದಲ್ಲಿ ದಕ್ಷಿಣದ ತಂಡ ಇಟಲಿಯನ್ನು ಒಂದು ಗೋಲಿನಿಂದ ಸೋಲಿಸಿತು. ಆ ಪಂದ್ಯವನ್ನು ದೂರದರ್ಶನದಲ್ಲಿ ನೋಡುತ್ತ, ಉತ್ತರದ ಡೌನ್ ಪ್ರಾಂತದ ಲಾಕಿನ್‌ಐಲಂಡ್ ಎಂಬ ಹಳ್ಳಿಯ ಪುಟ್ಟ ಪಾನಗೃಹದಲ್ಲಿ ಊರವರು ಕೂತಿದ್ದರು. ಎರಡನೆಯ ಅರ್ಧ ನಡೆಯುತ್ತಿದ್ದಾಗ ಬಂದೂಕುಧಾರಿಗಳು ಒಳನುಗ್ಗಿ ಆರು ಮಂದಿಯನ್ನು ಕೊಂದರು. ಒಬ್ಬನಿಗೆ ಎಂಬತ್ತೇಳು ವರ್ಷ. ಎಲ್ಲರೂ ಪರದೆಯ ಕಡೆಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಯಾವ ತಂಡವನ್ನು ತಮ್ಮದೆಂದು ನೋಡುತ್ತಾರೆ ಎಂಬುದರಿಂದಲೇ ಒಬ್ಬನ ಮತವನ್ನು ಗುರುತಿಸಬಹುದಾದ ನಾಡು ಅದು. ೨೦೦೨ರಲ್ಲಿ ಉತ್ತರದ ತಂಡವನ್ನು ಮುನ್ನಡೆಸಲಿದ್ದ ನೀಲ್ ಲೆನನ್‌ಗೆ ಪಂದ್ಯಕ್ಕೆ ಮುನ್ನ ಕೊಲೆಬೆದರಿಕೆ ಬಂತು. ಆತ ಅಂತರರಾಷ್ಟ್ರೀಯ ಆಟವನ್ನೇ ಬಿಟ್ಟ. ೧೯೯೮ರ ಶಾಂತಿ ಒಪ್ಪಂದ ಉತ್ತರದಲ್ಲಿ ಹುಟ್ಟಿದವರು ಐರಿಷರೆಂದೋ ಬ್ರಿಟಿಷರೆಂದೋ ಎರಡೂ ಎಂದೋ ತಮ್ಮನ್ನು ತಾವೇ ಕರೆದುಕೊಳ್ಳಲಿ ಎಂದಿತು. ೨೦೧೦ರಲ್ಲಿ ಸ್ವಿಟ್ಸರ್ಲೆಂಡಿನ ಕ್ರೀಡಾ ನ್ಯಾಯಾಲಯ ಅವರು ಡಬ್ಲಿನ್ನಿನ ತಂಡದ ಪರ ಆಡಬಹುದೆಂದು ತೀರ್ಪಿತ್ತಿತು. ಈಗ ಆಯ್ಕೆ ಹುಡುಗನದೇ. ಹದಿನೆಂಟರ ಹುಡುಗನ ಹೆಗಲಿಗೆ ಅದು ಹಗುರವಾದ ಹೊರೆಯೇನಲ್ಲ.

ಒಂದಾಗಿ ಆಡುವ ಐರ್ಲೆಂಡನ್ನು ನಾವು ಬೆಂಗಳೂರಿನವರು ಕಣ್ಣಾರೆ ಕಂಡಿದ್ದೇವೆ. ೨೦೧೧ರ ಮಾರ್ಚ್ ೨ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಕ್ರಿಕೆಟ್ ವಿಶ್ವ ಕಪ್ಪಿನಲ್ಲಿ, ಇಂಗ್ಲೆಂಡು ೩೨೭ ಓಟ ಗಳಿಸಿತು. ಐರ್ಲೆಂಡು ೧೧೧ಕ್ಕೆ ಐವರನ್ನು ಕಳೆದುಕೊಂಡಿತ್ತು. ಆಗ ಡಬ್ಲಿನ್ನಿನ ಕೆವಿನ್ ಓಬ್ರಿಯನ್ ೫೦ ಚೆಂಡುಗಳಲ್ಲಿ ಶತಕ ಬಾರಿಸಿದ;ತಂಡ ಮೂರು ವಿಕೆಟ್ಟಿನಿಂದ ಗೆದ್ದಿತು. ನಾಯಕ ಪೋರ್ಟರ್‌ಫೀಲ್ಡ್ ಉತ್ತರದ ಟಿರೋನ್ ಪ್ರಾಂತದವನು. ಆಸ್ಟ್ರೇಲಿಯದಲ್ಲಿ ಹುಟ್ಟಿದವರೂ ತಂಡದಲ್ಲಿದ್ದರು. ಯಾರು ಎಲ್ಲಿಯವರೆಂದು ನಮ್ಮ ಪ್ರೇಕ್ಷಕರಿಗೆ ತಿಳಿದಿರಲೂ ಇಲ್ಲ.

ಈಗ ನನ್ನ ತಂಡ. ಗೋಲಿನಲ್ಲಿ ಪ್ಯಾಟ್ ಜೆನ್ನಿಂಗ್ಸ್. ಇಪ್ಪತ್ತೆರಡು ವರ್ಷಗಳಲ್ಲಿ ೧೧೯ ಪಂದ್ಯ. ಕೊನೆಯದು ೧೯೮೬ರಲ್ಲಿ, ಅವನ ನಲವತ್ತೊಂದನೆಯ ಹುಟ್ಟುಹಬ್ಬದಂದು, ಬ್ರೆಜಿಲಿನ ಎದುರು. ಗಡಿಯ ಊರಾದ ನ್ಯೂರಿಯಲ್ಲಿ ಗೇಲಿಕ್ ಆಟ ಆಡಿ ಬೆಳೆದ ಆ ಅಗಲವಾದ ಕೈಗಳು ಚೆಂಡನ್ನು ಹಣ್ಣು ಕೀಳುವಂತೆ ಕೀಳುತ್ತಿದ್ದವು. ರಕ್ಷಣೆಯಲ್ಲಿ ಬಲಕ್ಕೆ ಕ್ಯಾರಿ, ನಾಯಕನೂ ಅವನೇ. ಎಡಕ್ಕೆ ಕಾರ್ಕ್ ನಗರದ ಡೆನಿಸ್ ಅರ್ವಿನ್, ಸದ್ದಿಲ್ಲದೆ ಕೆಲಸ ಮುಗಿಸುವವನು. ನಡುವೆ ಕಾನ್ ಮಾರ್ಟಿನ್. ಅವನ ಪಕ್ಕದಲ್ಲಿ ಪಾಲ್ ಮೆಗ್ರಾ. ಮೆಗ್ರಾ ಲಂಡನ್ನಿನಲ್ಲಿ ಐರಿಷ್ ತಾಯಿಗೂ ನೈಜೀರಿಯದ ತಂದೆಗೂ ಹುಟ್ಟಿ, ಡಬ್ಲಿನ್ನಿನ ಅನಾಥಾಲಯಗಳಲ್ಲಿ ಬೆಳೆದವನು. ಮಂಡಿಗಳು ಹಾಳಾಗಿದ್ದು ಅಭ್ಯಾಸಕ್ಕೆ ಬರಲಾರದವನು ೧೯೯೪ರ ಇಟಲಿ ಪಂದ್ಯದಲ್ಲಿ ಒಂಟಿಯಾಗಿ ಒಂದು ಕೋಟೆಯಂತೆ ನಿಂತ. ದಕ್ಷಿಣದವರು ಅವನಷ್ಟು ಪ್ರೀತಿಸಿದ ಆಟಗಾರ ಇನ್ನೊಬ್ಬನಿಲ್ಲ.

ಮಧ್ಯದಲ್ಲಿ ನನಗೆ ತುಂಬ ಕಷ್ಟವಾಯಿತು. ಡ್ಯಾನಿ ಬ್ಲಾಂಚ್‌ಫ್ಲವರ್ ನಿಸ್ಸಂದೇಹ: ಮಾತಿನಲ್ಲಿಯೂ ಕಾಲಿನಲ್ಲಿಯೂ ಚತುರ, ೧೯೬೧ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದ ಟಾಟನ್‌ಹ್ಯಾಮಿನ ನಾಯಕ. ಅದೇ ವರ್ಷ ದೂರದರ್ಶನದವರು ಅವನ ಜೀವನ ಕಥೆಯ ಕಾರ್ಯಕ್ರಮಕ್ಕೆ ಹಠಾತ್ತನೆ ಹಿಡಿದು ನಿಲ್ಲಿಸಿದಾಗ, ಒಲ್ಲೆ ಎಂದು ಎದ್ದು ಹೋದವನು. ಅವನ ಪಕ್ಕ ಕಾರ್ಕಿನ ರಾಯ್ ಕೀನ್. ೨೦೦೨ರ ವಿಶ್ವ ಕಪ್ಪಿಗೆ ಮುನ್ನ ತರಬೇತುದಾರನೊಡನೆ ಜಗಳವಾಡಿ ಸೈಪಾನ್ ದ್ವೀಪದ ಶಿಬಿರದಿಂದ ಮನೆಗೆ ಮರಳಿದಾಗ ಇಡೀ ದೇಶ ಎರಡು ಪಕ್ಷವಾಯಿತು. ಆ ಕೋಪವಿಲ್ಲದೆ ಆ ಆಟವೂ ಇರುತ್ತಿರಲಿಲ್ಲ. ಮೂರನೆಯವನು ಜೈಲ್ಸೋ ಲಿಯಾಮ್ ಬ್ರೇಡಿಯೋ? ಸೊಬಗಿನಲ್ಲಿ ಬ್ರೇಡಿಯೇ ಮೇಲು. ೧೯೮೨ರಲ್ಲಿ ಯುವೆಂಟಸ್ ತಂಡ ತನ್ನ ಜಾಗಕ್ಕೆ ಬೇರೆಯವನನ್ನು ತಂದಾಗಿದೆಯೆಂದು ತಿಳಿದೂ, ಕೊನೆಯ ಪಂದ್ಯದ ದಂಡದ ಹೊಡೆತವನ್ನು ನಿರ್ವಿಕಾರವಾಗಿ ಗೋಲಾಗಿಸಿ ಅವರಿಗೆ ಪ್ರಶಸ್ತಿ ಕೊಡಿಸಿ ಹೊರಟವನು ಆತ. ಆದರೆ ಇಂಥ ತಂಡವನ್ನು ನಿಜವಾಗಿ ಕಟ್ಟಿ ಆಡಿಸಿದವನು ಜೈಲ್ಸ್. ಅವನನ್ನು ಹೊರಗಿಡಲು ನನಗೆ ಮನಸ್ಸು ಬಾರದು. ಬ್ರೇಡಿ ಮೀಸಲಿನಲ್ಲಿರಲಿ, ಆತನ ಅಭಿಮಾನಿಗಳು ನನ್ನನ್ನು ಶಪಿಸಲಿ.

ಮುಂದಿನ ಸಾಲಿನಲ್ಲಿ ಜಾರ್ಜ್ ಬೆಸ್ಟ್. ೧೯೬೮ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರ. ಉತ್ತರದ ಪರವಾಗಿ ೩೭ ಪಂದ್ಯ, ಒಂದು ವಿಶ್ವ ಕಪ್ಪೂ ಇಲ್ಲ. ಬೆಲ್‌ಫಾಸ್ಟಿನ ಪ್ರೊಟೆಸ್ಟಂಟ್ ಬೀದಿಯ ಈ ಹುಡುಗ, ಒಂದೇ ತಂಡವಿರಬೇಕಿತ್ತೆಂದು ಹಲವು ಸಲ ಹೇಳಿದ್ದ. ಹೊಟ್ಟೆಕಿಚ್ಚಿನ ಮಾತಲ್ಲ, ಬ್ರೇಡಿಯ ಪಾಸನ್ನು ಬೆಸ್ಟ್ ಹಿಡಿದು ಓಡುವುದನ್ನು ಯಾರು ತಾನೆ ಕಾಣಬಯಸುವುದಿಲ್ಲ? ನಡುವೆ ಡಬ್ಲಿನ್ನಿನ ರಾಬಿ ಕೀನ್, ೧೪೬ ಪಂದ್ಯಗಳಲ್ಲಿ ೬೮ ಗೋಲು. ದೊಡ್ಡ ತಂಡಗಳೆದುರು ಕಡಮೆ ಎಂಬ ಆಕ್ಷೇಪಣೆಯುಂಟು, ಆದರೆ ಈ ದ್ವೀಪದಲ್ಲಿ ಇನ್ನಾರೂ ಅದರ ಹತ್ತಿರಕ್ಕೂ ಬಂದಿಲ್ಲ. ಎಡಕ್ಕೆ ಮೆಕ್‌ಪಾರ್ಲಂಡ್, ಜೆನ್ನಿಂಗ್ಸನ ಊರಿನವನೇ.

ಲೆಕ್ಕ ಹಾಕುವವರು ಹಾಕಿಯೇ ಹಾಕುತ್ತಾರೆ. ಬೆಲ್‌ಫಾಸ್ಟಿನ ತಂಡಕ್ಕೆ ಆಡಿದವರು ಎಷ್ಟೆಂದು ಎಣಿಸಿದರೆ ಆರು. ಡಬ್ಲಿನ್ನಿನ ತಂಡಕ್ಕೆ ಆಡಿದವರನ್ನು ಎಣಿಸಿದರೆ ಏಳು. ಕೂಡಿಸಿದರೆ ಹದಿಮೂರು; ಮೈದಾನದಲ್ಲಿ ಹನ್ನೊಂದೇ. ಕ್ಯಾರಿ ಮತ್ತು ಕಾನ್ ಮಾರ್ಟಿನ್ ಎರಡು ಕಡೆಯ ಪಟ್ಟಿಯಲ್ಲಿಯೂ ಇದ್ದಾರೆ. ಯಾವ ಮೈದಾನದಲ್ಲಿ ಆಡಬೇಕು, ಯಾವ ಗೀತೆಗೆ ಎದ್ದು ನಿಲ್ಲಬೇಕು ಎಂಬುದನ್ನು ಆಯ್ಕೆಗಾರನನ್ನು ಯಾರೂ ಕೇಳುವುದಿಲ್ಲ. ಅಷ್ಟರಮಟ್ಟಿಗೆ ನಾನು ಬಚಾವು. ತರಬೇತುದಾರನಾಗಿ ಪೀಟರ್ ಡೊಹರ್ಟಿ ಇರಲಿ. ಮೀಸಲಿನ ಬೆಂಚಿನಲ್ಲಿ ಬ್ರೇಡಿ, ೧೯೧೩ರ ಗಿಲೆಸ್ಪಿ, ಮಾರ್ಟಿನ್ ಓನೀಲ್. ಎರಡನೆಯ ಗೋಲುಗಾರನಾಗಿ ಹ್ಯಾರಿ ಗ್ರೆಗ್. ಅವನ ಪಕ್ಕದ ಜಾಗ ಲಿಯಾಮ್ ವೀಲನ್ನನಿಗೆ. ಡಬ್ಲಿನ್ನಿನ ಕ್ಯಾಬ್ರಾದಲ್ಲಿ, ಅವನು ಆಡಿ ಬೆಳೆದ ಬೀದಿಗಳ ಬಳಿ, ಒಂದು ರೈಲು ಸೇತುವೆಗೆ ೨೦೦೬ರಲ್ಲಿ ಅವನ ಹೆಸರಿಟ್ಟಿದ್ದಾರೆ.